ದಿನಾಲೂ ನಿಮಗಾಗಿ ಪ್ರಾರ್ಥಿಸುತ್ತೇನೆ

ಕಳೆದ ಕ್ರಿಸ್ಮಸ್ಸಿಗೆ ಹತ್ತು ದಿನ ಇರುವಾಗ ನನಗೊಂದು ಪತ್ರ ಬಂತು. ಎರಡು ಗೆರೆಯ ಕಾಪಿ ಪುಸ್ತಕದ ಹಾಳೆ, ಮೂಲೆಯಲ್ಲಿ ಬಣ್ಣದ ಪೆನ್ಸಿಲಿನಲ್ಲಿ ಬರೆದ ನಕ್ಷತ್ರ, ಅದರ ಕೆಳಗೆ ಒತ್ತಿ ಒತ್ತಿ ಬರೆದ ದುಂಡಗಿನ ಅಕ್ಷರಗಳು. ನಾನು ತಿಂಗಳಿಗೆ 1,500 ರೂಪಾಯಿ ಕಳುಹಿಸುವ ಆರನೆಯ ತರಗತಿಯ ಹುಡುಗಿಯೊಬ್ಬಳು ಬೋರ್ಡಿಂಗಿನಿಂದ ಬರೆದ ಪತ್ರವದು. 'ಪ್ರೀತಿಯ ಉಪಕಾರಿಗಳಿಗೆ' ಎಂದು ಆರಂಭವಾಗಿ, ತಾನು ಚೆನ್ನಾಗಿ ಓದುತ್ತಿರುವುದನ್ನೂ ದೊತೊರ್ನಿನ, ಅಂದರೆ ಧರ್ಮೋಪದೇಶದ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದುದನ್ನೂ ತಿಳಿಸಿ, ಕೊನೆಯಲ್ಲಿ 'ದಿನಾಲೂ ನಿಮಗಾಗಿ ಹಾಗೂ ನಿಮ್ಮ ಕುಟುಂಬದವರಿಗಾಗಿ ಪ್ರಾರ್ಥಿಸುತ್ತೇನೆ' ಎಂದು ಮುಗಿಯುತ್ತಿತ್ತು. ಓದಿ ಮಡಚಿಟ್ಟ ಮೇಲೆ ಏನೋ ಕಸಿವಿಸಿಯಾಯಿತು. ಮತ್ತೆ ಬಿಡಿಸಿ ನೋಡಿದೆ. ಆ ಕೊನೆಯ ವಾಕ್ಯ ನನ್ನದು. 'ಹಾಗೂ' ಎಂಬ ಪದವನ್ನು ಯಾವ ಮಗುವೂ ತಾನಾಗಿ ಬರೆಯುವುದಿಲ್ಲ. ಮೂವತ್ತು ವರ್ಷಗಳ ಹಿಂದೆ ಅದನ್ನು ಕಪ್ಪು ಹಲಗೆಯ ಮೇಲೆ ಬರೆದವನು ನಾನು.

ಅದು ಇದೇ ಬೋರ್ಡಿಂಗ್ ಅಲ್ಲ. ಆದರೆ ಕಾಸರಗೋಡಿನ ಉತ್ತರಕ್ಕಿರುವ ನಮ್ಮ ಊರುಗಳಲ್ಲಿ ಸಿಸ್ಟರುಗಳು ವರ್ಗವಾಗುತ್ತಾರೆ, ವಾರ್ಡನ್ನರು ಬದಲಾಗುತ್ತಾರೆ, ಹಳೆಯ ಫೈಲುಗಳು ಮಾತ್ರ ಒಂದು ಕಪಾಟಿನಿಂದ ಇನ್ನೊಂದಕ್ಕೆ ದಾಟುತ್ತ ಉಳಿಯುತ್ತವೆ. ಯಾವುದೋ ಫೈಲಿನಲ್ಲಿದ್ದ ನನ್ನ ಮಾದರಿ ಪತ್ರ ಯಾವುದೋ ದಾರಿಯಿಂದ ಸಾಗಿ ಕೊನೆಗೆ ನನ್ನ ವಿಳಾಸಕ್ಕೇ ಬಂದು ತಲುಪಿತ್ತು.

ನವೆಂಬರಿನ ಕಪ್ಪು ಹಲಗೆ

1990ರ ದಶಕದ ಮೊದಲ ವರ್ಷಗಳಲ್ಲಿ ನಾನು ಹಗಲು ಅನುದಾನಿತ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಸಂಜೆ ಹತ್ತಿರದ ಬೋರ್ಡಿಂಗಿನ ಹುಡುಗರಿಗೆ ಪಾಠ ಹೇಳಿಕೊಡುತ್ತಿದ್ದೆ. ಅಲ್ಲಿನ ಹುಡುಗರಲ್ಲಿ ಬಹುತೇಕರಿಗೆ ಹೊರದೇಶದ ಸ್ಪಾನ್ಸರುಗಳಿದ್ದರು. ವರ್ಷಕ್ಕೆ ಎರಡು ಸಲ, ಕ್ರಿಸ್ಮಸ್ಸಿಗೆ ಮತ್ತು ಈಸ್ಟರಿಗೆ, ಪ್ರತಿಯೊಬ್ಬನೂ ಪತ್ರ ಬರೆಯಬೇಕಿತ್ತು. ಅಂಚೆ ಹೋಗಿ ಮುಟ್ಟಲು ವಾರಗಟ್ಟಲೆ ಹಿಡಿಯುತ್ತಿದ್ದುದರಿಂದ ಕ್ರಿಸ್ಮಸ್ ಪತ್ರದ ಕೆಲಸ ನವೆಂಬರಿನಲ್ಲೇ ಆರಂಭವಾಗುತ್ತಿತ್ತು. ಮಕ್ಕಳು ಕನ್ನಡದಲ್ಲಿ ಬರೆಯುತ್ತಿದ್ದರು, ಅದರ ಕೆಳಗೆ ನಾನು ಇಂಗ್ಲಿಷಿಗೆ ಅನುವಾದಿಸುತ್ತಿದ್ದೆ. ಏನು ಬರೆಯಬೇಕೆಂದು ತಿಳಿಯದೆ ಪೆನ್ಸಿಲು ಕಚ್ಚುತ್ತ ಕೂರುವವರಿಗಾಗಿ ಹಲಗೆಯ ಮೇಲೆ ನಾಲ್ಕೈದು ವಾಕ್ಯಗಳನ್ನು ಬರೆದಿಟ್ಟಿರುತ್ತಿದ್ದೆ.

ಒಂದು ಸಂಜೆಯ ನೆನಪು ಈಗಲೂ ಹಸಿಯಾಗಿದೆ. ಅಡುಗೆಕೋಣೆಯಲ್ಲಿ ಕುಚ್ಚಲಕ್ಕಿ ಬೇಯುತ್ತಿತ್ತು, ಅದರ ಹಬೆ ಓದುವ ಕೋಣೆಯ ತನಕ ಬರುತ್ತಿತ್ತು. ನಾಲ್ಕನೆಯ ತರಗತಿಯ ಹುಡುಗನೊಬ್ಬ ಹಲಗೆಯ ವಾಕ್ಯವನ್ನು ಅರ್ಧ ಇಳಿಸಿ ನಿಲ್ಲಿಸಿದ. ಅವನ ತಂದೆ ಅಡಿಕೆ ಕೊಯ್ಲಿನ ಸಮಯದಲ್ಲಿ ಮರದಿಂದ ಬಿದ್ದು ತೀರಿಕೊಂಡಿದ್ದರು. ಅವನು ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಮಾಷ್ಟ್ರೇ, ಅವರಿಗೆ ಏನು ಕಾಯಿಲೆ?"

ಯಾರಿಗೆ ಎಂದೆ. ಪತ್ರ ಹೋಗುವ ಆ ಅಜ್ಜ ಅಜ್ಜಿಗೆ ಎಂದ. ಕಾಯಿಲೆ ಏನೂ ಇಲ್ಲ, ಅವರು ಚೆನ್ನಾಗಿದ್ದಾರೆ ಎಂದೆ. "ಮತ್ತೆ ಯಾಕೆ ಅವರಿಗಾಗಿ ದಿನಾ ಬೇಡುವುದು?" ಎಂದು ಅವನಿಗೆ ನಿಜವಾಗಿಯೂ ಅರ್ಥವಾಗದೆ ಕೇಳಿದ. ಅವನ ಅನುಭವದಲ್ಲಿ ಇಗರ್ಜಿಯಲ್ಲಿ ಹೆಸರು ಹೇಳಿ ಬೇಡುವುದು ಎರಡೇ ರೀತಿಯವರಿಗೆ: ಹಾಸಿಗೆ ಹಿಡಿದವರಿಗೆ ಮತ್ತು ಸತ್ತವರಿಗೆ. ಅವನ ತಂದೆಯ ಹೆಸರು ಎರಡನೆಯ ಪಟ್ಟಿಯಲ್ಲಿತ್ತು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. 'ಹಾಗೆ ಬರೆದರೆ ಅವರಿಗೆ ಸಂತೋಷವಾಗುತ್ತದೆ' ಎಂದುಬಿಟ್ಟೆ. ಅವನು ಹೋಗಿ ವಾಕ್ಯ ಪೂರ್ತಿ ಮಾಡಿದ.

ಅದೇ ಪತ್ರದಲ್ಲಿ ಅವನು ತಾನಾಗಿ ಬರೆದ ಎರಡು ಸಂಗತಿಗಳಿದ್ದವು. ಅಮ್ಮನ ಮನೆಯ ಹಸು ಹೆಣ್ಣು ಕರು ಹಾಕಿದೆ ಎಂಬುದೊಂದು. 'ಸತ್ಮಾಂತಾಂ' ಬಾಯಿಪಾಠ ಬಾರದೆ ದೊತೊರ್ನಿನಲ್ಲಿ ಪೆಟ್ಟು ತಿಂದೆ ಎಂಬುದಿನ್ನೊಂದು. ಮನೆಯಲ್ಲಿ ತುಳು ಆಡುವ ಹುಡುಗನವನು. ಕೊಂಕಣಿಯ ಆ ವಿಶ್ವಾಸ ಸಂಗ್ರಹ ಅವನಿಗೆ ಅರ್ಥವಿಲ್ಲದ ಸದ್ದಾಗಿತ್ತು. ಇಂಗ್ಲಿಷಿನಲ್ಲಿ ನಾನು ಕರುವನ್ನು ಉಳಿಸಿಕೊಂಡೆ. ಪೆಟ್ಟಿನ ವಿಷಯ ಬಿಟ್ಟು, ಧರ್ಮೋಪದೇಶವನ್ನು ಶ್ರದ್ಧೆಯಿಂದ ಕಲಿಯುತ್ತಿದ್ದೇನೆ ಎಂದು ಬರೆದೆ. ಯಾರೂ ನನಗೆ ಹಾಗೆ ಮಾಡಲು ಹೇಳಿರಲಿಲ್ಲ. ಹಣ ಕೊಡುವವರು ಏನು ಓದಲು ಇಷ್ಟಪಡುತ್ತಾರೆ ಎಂಬುದನ್ನು ನಾನೇ ಊಹಿಸಿಕೊಂಡು, ಆ ಊಹೆಗೆ ತಕ್ಕಂತೆ ಮಗುವನ್ನು ತಿದ್ದಿದ್ದೆ.

ಪ್ರಾರ್ಥನೆ ಎಂಬ ರಶೀದಿ

ಮಕ್ಕಳಿಗೆ ಪ್ರಾರ್ಥನೆ ಕಲಿಸುವುದು ತಪ್ಪೆಂದು ನಾನು ಹೇಳಲಾರೆ. ನನ್ನ ಮನೆಯಲ್ಲೂ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ತಪ್ಪುವುದಿಲ್ಲ. ಸತ್ತ ತಂದೆಯನ್ನು ಯಾರ ವಶಕ್ಕೆ ಒಪ್ಪಿಸುವುದೆಂದು ತಿಳಿಯದ ಮಗುವಿಗೆ 'ಆಮ್ಚ್ಯಾ ಬಾಪಾ' (ನಮ್ಮ ತಂದೆಯೇ) ಎಂಬ ಎರಡು ಪದಗಳು ಎಷ್ಟು ದೊಡ್ಡ ಆಸರೆಯಾಗಬಲ್ಲವೆಂದು ಕಣ್ಣಾರೆ ಕಂಡಿದ್ದೇನೆ. ನನ್ನ ತಕರಾರು ಬೇರೆಯದು. ಅನ್ನ, ಬಟ್ಟೆ, ಫೀಸು ಕೊಟ್ಟವರಿಗೆ ಹಿಂದಿರುಗಿಸಲು ಮಗುವಿನ ಕೈಯಲ್ಲಿ ಬೇರೇನೂ ಇಲ್ಲವಾದ್ದರಿಂದ ನಾವು ಅದರ ಪ್ರಾರ್ಥನೆಯನ್ನೇ ರಶೀದಿಯಾಗಿ ಹರಿದು ಕೊಡುತ್ತೇವೆ. ವರ್ಷಕ್ಕೆರಡು ಸಲ ಹಾಗೆ ರಶೀದಿ ಬರೆದ ಮಗು ಮುಂದೊಂದು ದಿನ ದೇವರ ಮುಂದೆ ಕುಳಿತಾಗ ಅದಕ್ಕೆ ಮಾತು ನೆನಪಾಗುತ್ತದೋ, ಲೆಕ್ಕ ನೆನಪಾಗುತ್ತದೋ.

ಹಣ ಕೊಡುವವರು ಒಂದೇ ಬಗೆಯವರಲ್ಲ ಎಂಬುದನ್ನೂ ಹೇಳಬೇಕು. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಶಾಲೆ, ಹಾಸ್ಟೆಲುಗಳ ಹಿಂದೆ ಶ್ರೀಮಂತರ ದೊಡ್ಡ ದೇಣಿಗೆಗಳಷ್ಟೇ ಇರಲಿಲ್ಲ. 1855ರಿಂದ ಆ ಕಡೆಯ ಸಾಮಾನ್ಯ ಜನರಿಂದ ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಐದು ಸೆಂಟೀಮಿನ ಚಿಲ್ಲರೆ, ಮನೆಮನೆಗೆ ಹೋಗಿ ಸಂಗ್ರಹಿಸುವ ವ್ಯವಸ್ಥೆಯಿತ್ತು. ಹಾಗೆ ಕೊಟ್ಟವರಲ್ಲಿ ಯಾರ ಹೆಸರಿಗೂ ಪತ್ರ ಬರೆಯುವಂತಿರಲಿಲ್ಲ. ಅಷ್ಟು ಸಣ್ಣ ಮೊತ್ತಕ್ಕೆ ಒಂದು ಮಗು ಪಾಲಿಗೆ ಬರುತ್ತಿರಲಿಲ್ಲ. ಒಬ್ಬ ದಾನಿಗೆ ಒಂದು ಮಗು, ಫೋಟೋ, ಪತ್ರ ಎಂಬ ಈಗಿನ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು 1950ರ ದಶಕದಲ್ಲಿ, ಕೊರಿಯಾ ಯುದ್ಧದಿಂದ ಅನಾಥರಾದ ಮಕ್ಕಳಿಗಾಗಿ ಅಮೆರಿಕದ ಕ್ರೈಸ್ತ ಸಂಸ್ಥೆಗಳು ಹಣ ಎತ್ತಲು ಹೊರಟಾಗ. ಮುಖ ಕಂಡರೆ ಕೈ ಬಿಚ್ಚುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಸುಳ್ಳೂ ಅಲ್ಲ. ನಾನು ಆ ಹುಡುಗಿಯ ಫೋಟೋ ನೋಡದಿದ್ದರೆ ತಿಂಗಳ ಹಣ ಕಳುಹಿಸುತ್ತಿದ್ದೆನೋ ಇಲ್ಲವೋ ಎಂದು ಧೈರ್ಯವಾಗಿ ಹೇಳಲಾರೆ. (ನಮ್ಮಲ್ಲಿ ಇದನ್ನು 'ಮಗುವನ್ನು ದತ್ತು ತೆಗೆದುಕೊಂಡಿದ್ದೇವೆ' ಎಂದು ಹೇಳಿಕೊಳ್ಳುವವರಿದ್ದಾರೆ. ತಿಂಗಳಿಗೊಮ್ಮೆ ಬ್ಯಾಂಕಿನಲ್ಲಿ ಮುಗಿದುಹೋಗುವ ಸಂಬಂಧಕ್ಕೆ ಆ ಪದ ತೀರಾ ಭಾರ.)

ಹಣದ ಜೊತೆಗೆ ಬರುವ ಷರತ್ತುಗಳ ವಿಷಯಕ್ಕೆ ನನಗೆ ನೆನಪಾಗುವುದು ಪಂಡಿತಾ ರಮಾಬಾಯಿ. ಆಕೆಯ ತಂದೆ ನಮ್ಮ ಕಾರ್ಕಳದ ಮಾಳದ ಕಡೆಯವರು. ಆಕೆ ಹುಟ್ಟಿದ್ದು 1858ರಲ್ಲಿ, ಘಟ್ಟದ ಮೇಲಿನ ಗಂಗಾಮೂಲದ ಕಾಡಿನಲ್ಲಿ. ಬರಗಾಲದಲ್ಲಿ ತಂದೆ ತಾಯಿಯರನ್ನು ಕಳೆದುಕೊಂಡು ಹದಿಹರೆಯದಲ್ಲೇ ತಬ್ಬಲಿಯಾದ ಹೆಣ್ಣುಮಗಳು ಆಕೆ. ಇಂಗ್ಲೆಂಡಿನಲ್ಲಿ ಕ್ರೈಸ್ತ ಮತ ಸ್ವೀಕರಿಸಿದ ಮೇಲೆ, ವಿಧವೆಯರಿಗಾಗಿ ಒಂದು ಶಾಲೆ ತೆರೆಯಲು ಹೊರಟಾಗ 1887ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಸಂಘವೊಂದು ಹತ್ತು ವರ್ಷ ಹಣ ಕೊಡುವ ಭರವಸೆ ನೀಡಿತು. 1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಅಲ್ಲಿ ಧರ್ಮಬೋಧನೆ ಮಾಡುವಂತಿಲ್ಲ ಎಂಬುದು ಒಪ್ಪಂದ. ರಮಾಬಾಯಿ ಬೋಧಿಸಲಿಲ್ಲ, ಆದರೆ ತನ್ನ ಪ್ರಾರ್ಥನೆಯ ಹೊತ್ತಿನಲ್ಲಿ ಕೋಣೆಯ ಬಾಗಿಲು ಹಾಕಿಕೊಳ್ಳಲೂ ಇಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಸದನ ಪುಣೆಗೆ ಸ್ಥಳಾಂತರವಾದ ಮೇಲೆ, 1893ರ ಹೊತ್ತಿಗೆ ಅದು ದೊಡ್ಡ ಗದ್ದಲವಾಗಿ, ಹಲವು ಪೋಷಕರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು, ಬೆಂಬಲವಾಗಿ ನಿಂತಿದ್ದ ಸುಧಾರಕರೂ ದೂರವಾದರು. ಹತ್ತು ವರ್ಷಗಳ ಭರವಸೆಯ ಅವಧಿ ಮುಗಿದ ಬಳಿಕ ಆಕೆಯ ಕೇಡಗಾಂವದ ಮುಕ್ತಿ ಸದನ ಮುಚ್ಚುಮರೆಯಿಲ್ಲದ ಕ್ರೈಸ್ತ ಸಂಸ್ಥೆಯಾಗಿ ಬೆಳೆಯಿತು. ತೆರೆದಿಟ್ಟ ಬಾಗಿಲು ಆಮಿಷವೇ, ಆಹ್ವಾನವೇ ಎಂಬ ಜಗಳ ಆಗಲೂ ಇತ್ತು, ಈಗಲೂ ಇದೆ. ನನಗನ್ನಿಸುವುದಿಷ್ಟು: ಬಾಗಿಲ ಹೊರಗೇ ಉಳಿದ ಹುಡುಗಿಗೂ ಒಳಗೆ ಬಂದವಳಿಗೂ ಒಂದೇ ಊಟ, ಒಂದೇ ಪಾಠ ಸಿಗುತ್ತಿದ್ದರೆ ಬಾಗಿಲು ತೆರೆದಿರಲಿ.

ನಮ್ಮ ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡವೂ ಇದರ ಹತ್ತಿರದ ಮಾತನ್ನೇ ಹೇಳುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನವಿರುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆಗೆ ಕೂರಬೇಕಾದರೆ ಒಪ್ಪಿಗೆ ಬೇಕು, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯೇ. ಆದರೆ ಬೋರ್ಡಿಂಗಿನ ಪ್ರವೇಶ ಅರ್ಜಿಯ ಕೆಳಗೆ ಸಹಿ ಹಾಕುವ ತಾಯಿ ಏನನ್ನು ಓದಿ ಒಪ್ಪುತ್ತಾಳೆ? ಎರಡು ಹೊತ್ತಿನ ಊಟ ಮತ್ತು ಒಂದು ಮಂಚ ಖಾತ್ರಿಯಾಗುವ ಕಡೆ ಅವಳು ಯಾವ ಕಾಗದಕ್ಕೂ ಸಹಿ ಹಾಕುತ್ತಾಳೆ. ಅದನ್ನು ಒಪ್ಪಿಗೆ ಎಂದು ಫೈಲಿಗೆ ಸೇರಿಸುವವರಿಗೆ, ಅದು ಒಪ್ಪಿಗೆಯಲ್ಲ ಎಂಬ ಅನುಮಾನ ಸದಾ ಇರಬೇಕು.

ಅರ್ಧ ತೇರ್ಸ್

ಪತ್ರ ಬಂದ ಮೇಲಿನ ಜನವರಿಯಲ್ಲಿ ನಾನು ಆ ಹುಡುಗಿಯ ಮನೆಗೆ ಹೋದೆ. ಮೂರು ವರ್ಷದಿಂದ ಹಣ ಕಳುಹಿಸುತ್ತಿದ್ದರೂ ಅದುವರೆಗೆ ಹೋಗಿರಲಿಲ್ಲ. ಬೇಳದ ಇಗರ್ಜಿಗೆ ಹಬ್ಬಕ್ಕೆಂದು ವರ್ಷ ವರ್ಷ ಹೋಗುವ ದಾರಿಯಲ್ಲಿ ಬಸ್ಸಿಳಿದು ಇಪ್ಪತ್ತು ನಿಮಿಷ ನಡೆದರೆ ಸಿಗುವ ಮನೆ. 1890ರಲ್ಲಿ ಕಟ್ಟಿದ ಆ ಇಗರ್ಜಿಯ ಗೋಪುರದ ಚೆಂದವನ್ನು ಎಷ್ಟೋ ಜನರಿಗೆ ವರ್ಣಿಸಿದ್ದೇನೆ. ಹೆಚ್ಚು ದೂರವಿಲ್ಲದ ಈ ಹೆಂಚಿನ ಮಾಡಿನ ಕೆಳಗೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಹುಡುಗಿಯ ತಂದೆ ತೀರಿಕೊಂಡು ಐದು ವರ್ಷವಾಗಿದೆ. ತಾಯಿ ಮಂಗಳೂರಿನಲ್ಲಿ ಹೋಂ ನರ್ಸ್; ತಿಂಗಳಿಗೊಮ್ಮೆ ಬಂದು ಹೋಗುತ್ತಾಳೆ. ಮನೆಯಲ್ಲಿರುವುದು ತಾಯಿಯ ತಾಯಿ ಒಬ್ಬರೇ. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ, ತೊಡೆಯ ಮೇಲೆ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ಉಗುರಿನಿಂದ ತುದಿ ಮಡಚಿ, ನೂಲು ಬಿಗಿಯುವ ಕೆಲಸವನ್ನು ಬೆರಳುಗಳು ತಮ್ಮಷ್ಟಕ್ಕೆ ಮಾಡುತ್ತಿದ್ದವು. ಸಂಜೆ ಬೀಡಿ ಬ್ರಾಂಚಿಗೆ ಕೊಂಡುಹೋಗಬೇಕು ಎಂದು ನಿಲ್ಲಿಸದೆಯೇ ಮಾತಾಡಿದರು. ನಾನು ಯಾರೆಂದು ತಿಳಿದಾಗ ಮಾತ್ರ ತಡ್ಪೆ ಕೆಳಗಿಟ್ಟು ಎದ್ದು ನಿಂತರು. ಅವರು ಎದ್ದು ನಿಂತದ್ದು ನನಗೆ ಇಷ್ಟವಾಗಲಿಲ್ಲ. ವಯಸ್ಸಿನಲ್ಲಿ ನನ್ನ ಅಕ್ಕನಷ್ಟು ದೊಡ್ಡವರು.

ಮೊಮ್ಮಗಳು ಬೋರ್ಡಿಂಗಿನಲ್ಲಿ ಚೆನ್ನಾಗಿ ಪ್ರಾರ್ಥನೆ ಕಲಿತಿದ್ದಾಳೆ ಎಂದು ಉಪಚಾರಕ್ಕೆ ಹೇಳಿದೆ. ಅಜ್ಜಿ ನಕ್ಕರು. "ಅವಳು ಇಲ್ಲಿರುವಾಗಲೇ ಎಲ್ಲ ಬರ್ತಿತ್ತು ಮಾಷ್ಟ್ರೇ. ತೇರ್ಸ್ ಅವಳೇ ಸುರು ಮಾಡುವುದು, ನಾನು ಉತ್ತರ ಹೇಳುವುದು. ಈಗ 'ನಮಾನ್ ಮರಿಯೆ' ನಾನೇ, 'ಭಾಗೆವಂತ್ ಮರಿಯೆ' ಸಾ ನಾನೇ."

ತೇರ್ಸ್ ಇಬ್ಬರ ಪ್ರಾರ್ಥನೆ. ಒಬ್ಬರು ಅರ್ಧ ಹೇಳಿದರೆ ಉಳಿದವರು ಅರ್ಧ ಹೇಳಬೇಕು. ಐವತ್ತಮೂರು ಮಣಿಗಳಿಗೂ ಹಾಗೆಯೇ. ಆ ಮನೆಯಲ್ಲಿ ಪ್ರತಿ ಸಂಜೆ ಒಂದು ದನಿ ಎರಡು ದನಿಯ ಕೆಲಸ ಮಾಡುತ್ತಿತ್ತು, ಏಕೆಂದರೆ ಇನ್ನೊಂದು ದನಿಯನ್ನು ಪ್ರಾರ್ಥನೆ ಕಲಿಸಲೆಂದು ನಾವು ಬೇರೆಡೆಗೆ ಕರೆದೊಯ್ದಿದ್ದೆವು. ಬಂದ ಖರ್ಚಿನಲ್ಲಿ ನನ್ನ ಪಾಲು ತಿಂಗಳಿಗೆ 1,500.

ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ 27ನೆಯ ವಚನವನ್ನು ನಮ್ಮಲ್ಲಿ ಅನಾಥಾಶ್ರಮಗಳ ವಾರ್ಷಿಕೋತ್ಸವದ ಭಾಷಣಗಳಲ್ಲಿ ತಪ್ಪದೆ ಉಲ್ಲೇಖಿಸುತ್ತಾರೆ. ಅನಾಥರನ್ನೂ ವಿಧವೆಯರನ್ನೂ ಅದು ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ, ಅವರ ಸಂಕಟದಲ್ಲಿ ಅವರನ್ನು ಹೋಗಿ ವಿಚಾರಿಸಿಕೊಳ್ಳುವುದೇ ನಿಜವಾದ ಭಕ್ತಿ ಎನ್ನುತ್ತದೆ. ಒಟ್ಟಿಗೆ ಹೇಳಿದವರನ್ನು ಬಿಡಿಸಿದವರು ನಾವು. ಮಗುವಿಗೆ ಬೋರ್ಡಿಂಗು, ತಾಯಿಗೆ ಮಂಗಳೂರಿನ ಯಾರದೋ ಮನೆಯ ರೋಗಿಯ ಹಾಸಿಗೆ, ಅಜ್ಜಿಗೆ ತಡ್ಪೆ. ನಾನು ಪಾಠ ಹೇಳುತ್ತಿದ್ದ ಬೋರ್ಡಿಂಗಿನಲ್ಲೂ ತಂದೆ ತಾಯಿ ಇಬ್ಬರೂ ಇಲ್ಲದವರು ಬೆರಳೆಣಿಕೆಯಷ್ಟಿದ್ದರು. ಹೆಚ್ಚಿನವರಿಗೆ ಒಬ್ಬ ತಾಯಿ ಇದ್ದಳು, ಅವಳ ಹತ್ತಿರ ಹಣವಿರಲಿಲ್ಲ. ಬಡತನವನ್ನು ನಾವು ಅನಾಥತನ ಎಂದು ಬರೆದುಕೊಂಡಿದ್ದೆವು.

ಕಾನೂನು ಈಗ ಈ ವಿಷಯದಲ್ಲಿ ನಮ್ಮ ಪರೋಪಕಾರಕ್ಕಿಂತ ಮುಂದಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಬೇಕು. ತಂದೆಯನ್ನು ಕಳೆದುಕೊಂಡ, ಬಡ ಕುಟುಂಬದ ಮಗು ಮನೆಯಲ್ಲೇ ಇದ್ದು ಓದಲು ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಹಳ್ಳಿಯ ಕುಟುಂಬವಾದರೆ ವಾರ್ಷಿಕ ಆದಾಯ 72,000 ರೂಪಾಯಿ ಮೀರಬಾರದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಜ್ಜಿಗೆ ಇದನ್ನು ಯಾರೂ ಹೇಳಿರಲಿಲ್ಲ. ಉಪಕಾರಿಯಾದ ನನಗೂ ಆ ವಾರವಷ್ಟೇ ತಿಳಿದದ್ದು.

ನಿಂತುಹೋದ ಪತ್ರಗಳು

ಬೋರ್ಡಿಂಗಿನ ಸಿಸ್ಟರ್ ನನ್ನ ಮಾತನ್ನು ತಾಳ್ಮೆಯಿಂದ ಕೇಳಿದರು. ಹಣವನ್ನು ಅಜ್ಜಿಯ ಖಾತೆಗೇ ಹಾಕಿದರೆ ಹೇಗೆ ಎಂಬ ನನ್ನ ಪ್ರಶ್ನೆಗೆ ಅವರಲ್ಲಿ ಸಿದ್ಧ ಉತ್ತರಗಳಿದ್ದವು, ಅವೆಲ್ಲ ಸಾಧುವಾದವೇ. ಆ ಮನೆಯ ದಾರಿಯಲ್ಲಿ ಮಳೆಗಾಲದಲ್ಲಿ ತೋಡು ತುಂಬುತ್ತದೆ. ತಾಯಿ ಊರಿನಲ್ಲಿಲ್ಲ. ಅಜ್ಜಿಗೆ ಲೆಕ್ಕ ಹೇಳಿಕೊಡಲು ಬಾರದು. ಕೊನೆಗೆ ಅವರೊಂದು ಮಾತು ಹೇಳಿದರು: "ನಾಳೆ ನೀವು ನಿಲ್ಲಿಸಿದರೂ ನಾವು ಅವಳಿಗೆ ಊಟ ಹಾಕ್ತೇವೆ ಮಾಷ್ಟ್ರೇ. ಅಜ್ಜಿಗೆ ಅದು ಆಗುತ್ತದಾ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಿಲ್ಲಿಸುವವರನ್ನು ನಾನೂ ಕಂಡವನು. ಕಾಯಿಲೆ ಏನೆಂದು ಕೇಳಿದ್ದ ಆ ಹುಡುಗನ ಸ್ಪಾನ್ಸರುಗಳ ಪತ್ರ ಅವನು ಒಂಬತ್ತನೆಯ ತರಗತಿಯಲ್ಲಿರುವಾಗ ನಿಂತಿತು. ಏಕೆಂದು ಅವನಿಗೆ ಯಾರೂ ಹೇಳಲಿಲ್ಲ. ಬೇರೊಬ್ಬರ ಹೆಸರು, ಬೇರೊಂದು ವಿಳಾಸ ಕೊಟ್ಟು ಅದೇ ವಾಕ್ಯಗಳನ್ನು ಬರೆಯಿಸಿದೆವು. ಎಷ್ಟೋ ವರ್ಷಗಳ ಮೇಲೆ ಕುಂಬಳೆಯ ರೈಲು ನಿಲ್ದಾಣದಲ್ಲಿ ಸಿಕ್ಕಿದಾಗ, ಗಲ್ಫಿನಿಂದ ರಜೆಗೆ ಬಂದಿದ್ದ ಅವನು ಕುಶಲ ವಿಚಾರಿಸಿದ ಮೇಲೆ ಕೇಳಿದ ಮೊದಲ ಪ್ರಶ್ನೆ, "ಆ ಅಜ್ಜ ಅಜ್ಜಿಗೆ ಕಡೆಗೆ ಏನಾಯಿತು ಮಾಷ್ಟ್ರೇ?" ಎಂದು. ದೊಡ್ಡ ಮಟ್ಟದಲ್ಲೂ ಇದು ನಡೆದಿದೆ. ಕಂಪ್ಯಾಷನ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆ ವಿದೇಶಿ ದೇಣಿಗೆಯ ನಿರ್ಬಂಧದಿಂದಾಗಿ 2017ರ ಮಾರ್ಚಿನಲ್ಲಿ ಭಾರತದ ಕೆಲಸ ಮುಚ್ಚಿದಾಗ ಒಂದೂವರೆ ಲಕ್ಷದ ಹತ್ತಿರ ಹತ್ತಿರ ಮಕ್ಕಳ ಪ್ರಾಯೋಜಕತ್ವ ಒಮ್ಮೆಗೇ ಕಡಿದುಹೋಯಿತು. 2020ರ ತಿದ್ದುಪಡಿಯ ಬಳಿಕ ವಿದೇಶಿ ದೇಣಿಗೆಯ ನಿಯಮಗಳು ಇನ್ನಷ್ಟು ಬಿಗಿಯಾದವು. ನನಗೆ ತಿಳಿದ ಬೋರ್ಡಿಂಗುಗಳಲ್ಲಿ ಹೊರದೇಶದ ಅಜ್ಜ ಅಜ್ಜಿಯರ ಜಾಗಕ್ಕೆ ಪಿಂಚಣಿ ಬರುವ ನನ್ನಂತಹ ಊರಿನವರು ಉಪಕಾರಿಗಳಾಗಿ ಬಂದದ್ದು ಹೀಗೆ. ಸರ್ಕಾರದ ಕಾರಣ, ದಾನಿಯ ಕಾರಣ, ಸಾವಿನ ಕಾರಣ, ಏನೇ ಇರಲಿ, ಪ್ರತಿದಿನ ಯಾರಿಗಾಗಿ ಬೇಡಬೇಕೆಂದು ಕಲಿಸಿದ್ದೆವೋ ಅವರು ಎಲ್ಲಿ ಹೋದರೆಂದು ಮಗುವಿಗೆ ಹೇಳುವ ಕೆಲಸ ಯಾರ ಪಾಲಿಗೂ ಬರಲಿಲ್ಲ.

ನಮ್ಮ ವಾಡ್ಯಾದ, ಅಂದರೆ ಇಗರ್ಜಿಯ ವಾರ್ಡಿನ, ಗುರಿಕಾರರೊಂದಿಗೆ ಇದನ್ನೆಲ್ಲ ಮಾತಾಡುತ್ತಿದ್ದಾಗ ಅವರು ತಲೆ ತುರಿಸಿಕೊಂಡು, "ಹುಡುಗಿ ಏನು ಹೇಳ್ತಾಳೆ?" ಎಂದರು. ನಾನು ಕೇಳಿರಲಿಲ್ಲ. ಅಜ್ಜಿಯನ್ನು ಕೇಳಿದ್ದೆ, ಸಿಸ್ಟರನ್ನು ಕೇಳಿದ್ದೆ, ಕಾಯ್ದೆಯನ್ನು ಓದಿದ್ದೆ.

ಮರುವಾರ ಸಿಸ್ಟರ್ ಎದುರಿನಲ್ಲೇ ಕೇಳಿದೆ. ಅವಳು ಸ್ವಲ್ಪ ಹೊತ್ತು ನೆಲ ನೋಡಿ, ಬೋರ್ಡಿಂಗ್ ಬೇಡವೆಂದಿಲ್ಲ, ಇಲ್ಲಿ ಗೆಳತಿಯರಿದ್ದಾರೆ, ಶಾಲೆ ಹತ್ತಿರ ಎಂದಳು. ಆಮೇಲೆ ಒಂದೇ ಉಸಿರಿಗೆ, ಶನಿವಾರ ಮನೆಗೆ ಹೋಗಿ ಆದಿತ್ಯವಾರ ಅಜ್ಜಿಯ ಜೊತೆ ಪೂಜೆ ಮುಗಿಸಿ ಸಂಜೆ ಬರಬಹುದಾ ಎಂದು ಕೇಳಿದಳು. ತಿಂಗಳಿಗೊಮ್ಮೆ ಮಾತ್ರ ಬಿಡುವುದು ಅಲ್ಲಿನ ನಿಯಮ. ಬಸ್ಸಿನ ಖರ್ಚು, ಕರೆದುಕೊಂಡು ಹೋಗುವವರು, ಆದಿತ್ಯವಾರದ ದೊತೊರ್ನ್ ತಪ್ಪುವುದು, ಹೀಗೆ ಒಂದೊಂದೇ ತೊಡಕು ಮೇಲೆ ಬಂತು. ದೊತೊರ್ನಿಗೆ ಅಜ್ಜಿಯ ಇಗರ್ಜಿಯಲ್ಲೇ ಕೂರಲಿ, ಹಾಜರಿಯ ಚೀಟಿ ತರಲಿ ಎಂದು ಸಿಸ್ಟರ್ ತಾವೇ ದಾರಿ ಹುಡುಕಿದರು. ಬಸ್ಸಿನ ಹಣ ನಾನು ಕೊಡುವುದೆಂದೂ, ಅದೇ ಕಡೆಗೆ ಹೋಗುವ ಟೀಚರೊಬ್ಬರು ಜೊತೆಗಿರುವುದೆಂದೂ ತೀರ್ಮಾನವಾಯಿತು. ವಾತ್ಸಲ್ಯದ ಅರ್ಜಿಯನ್ನು ತಾಯಿ ರಜೆಯಲ್ಲಿ ಬಂದಾಗ ತುಂಬಿಸಿ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.

ಹೊರಡುವಾಗ ನಾನು ಸಿಸ್ಟರಿಗೆ ಇನ್ನೊಂದು ಮಾತು ಹೇಳಿದೆ: ಇನ್ನು ಮುಂದೆ ನನಗೆ ಪತ್ರ ಬರೆಯಿಸುವುದು ಬೇಡ. ಅವರು ನನ್ನನ್ನೊಮ್ಮೆ ನೋಡಿ, ಆಗಲಿ ಎಂದು ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಏನೋ ಗುರುತು ಹಾಕಿಕೊಂಡರು.

ಈ ಸಲದ ಈಸ್ಟರಿಗೆ ಪತ್ರ ಬರಲಿಲ್ಲ. ಬಾರದಿರಲಿ ಎಂದು ನಾನೇ ಹೇಳಿದ್ದೆ. ಆದರೂ ಆ ವಾರ ಎರಡು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಜಗಲಿಗೆ ಬಂದು ಅಂಚೆಯವನ ದಾರಿ ನೋಡಿದೆ. ಎರಡನೆಯ ದಿನ ಅವನು ಗೇಟಿನ ಹೊರಗಿನಿಂದಲೇ, "ಇವತ್ತು ಏನಿಲ್ಲ ಮಾಷ್ಟ್ರೇ" ಎಂದು ಕೂಗಿ ಸೈಕಲು ತುಳಿದುಕೊಂಡು ಹೋದ.